ಮೂರು ಸಲ ಬಂದು ನಿಂತುಬಿಡುವ ಮಕ್ಕಳು: ಥೆರಪಿಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಹಸಿರುಬಾಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಜೊತೆ ಕೌನ್ಸೆಲರ್ ಆಗಿ ಕೆಲಸ ಶುರು ಮಾಡಿ ನನಗೆ ಎರಡು ವರ್ಷ ಆಯಿತು. ಒಂದು ವಿಷಯ ತುಂಬಾ ದಿನದಿಂದ ಒಳಗೇ ಕೊರೆಯುತ್ತಿದೆ. ಇಲ್ಲಿ ಅನುಭವ ಇರುವವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಕ್ಕಳು ಬರುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಬರುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ "ಮುಂದಿನ ವಾರ ಬರ್ತೀವಿ ಮೇಡಂ" ಅನ್ನುತ್ತಾರೆ, ಆ ಮುಂದಿನ ವಾರ ಬರುವುದೇ ಇಲ್ಲ. ಮಗು ನನ್ನನ್ನು ಒಂದಿಷ್ಟು ನಂಬಿ, ಇನ್ನೇನು ಬಾಯಿ ಬಿಡಬೇಕು ಅನ್ನುವ ಹೊತ್ತಿಗೇ ಹೀಗಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಾಯಿಸಿದ್ದೇನೆ. ಒಂಬತ್ತು ವರ್ಷದ ಹುಡುಗಿ. ತೊಂದರೆ ಕೊಟ್ಟವನು ಹತ್ತಿರದ ಸಂಬಂಧಿ. ಅವನು ಈಗ ಮನೆಯ ಹತ್ತಿರ ಸುಳಿಯುವುದಿಲ್ಲ, ದೂರು ಕೂಡ ಆಗಿದೆ. ಅಮ್ಮನೇ ಮುಂದೆ ನಿಂತು ಮಗಳನ್ನು ಕರೆದುಕೊಂಡು ಬಂದರು. ಮೊದಲ ಎರಡು ಸಲ ಹುಡುಗಿ ಹೆಚ್ಚು ಮಾತಾಡಲಿಲ್ಲ. ಮೂರನೇ ಸಲ ಒಂದು ಮನೆ ಬರೆದಳು. ಕಿಟಕಿ, ಗಿಡ, ಸೂರ್ಯ ಎಲ್ಲ ಬರೆದು, ಕಪ್ಪು ಕ್ರೆಯಾನ್ ತೆಗೆದುಕೊಂಡು ಬಾಗಿಲನ್ನು ತುಂಬಲು ಶುರು ಮಾಡಿದಳು. ಉಜ್ಜಿದಳು, ಉಜ್ಜಿದಳು, ಕಾಗದ ಹರಿಯುವವರೆಗೂ ಉಜ್ಜಿದಳು. ಆಮೇಲೆ ಕ್ರೆಯಾನ್‌ಗಳನ್ನು ಒಂದೊಂದಾಗಿ ಡಬ್ಬಿಯೊಳಗೆ ಜೋಡಿಸಿ, ಮುಚ್ಚಿ, ನನ್ನ ಕೈಗೆ ಕೊಟ್ಟು, "ಮುಂದಿನ ಸಲವೂ ಇದೇ ಡಬ್ಬಿ ಕೊಡ್ತೀರಾ?" ಅಂತ ಕೇಳಿದಳು. ಕೊಡುತ್ತೇನೆ ಅಂದೆ.

ಆ ಮುಂದಿನ ಸಲ ಬರಲೇ ಇಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಈಗ ಚೆನ್ನಾಗಿ ಆಡ್ಕೊಂಡಿದ್ದಾಳೆ ಮೇಡಂ. ಮತ್ತೆ ಅದನ್ನೆಲ್ಲ ಕೆದಕೋದು ಬೇಡ ಅನಿಸ್ತಿದೆ."

ನನ್ನ ಮೇಲಿನವರು "ಈ ಕುಟುಂಬಕ್ಕೆ ಆಸಕ್ತಿ ಇಲ್ಲ, ಫೈಲ್ ಮುಚ್ಚಿ" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಒತ್ತಾಯ ಮಾಡಿದರೆ ಇನ್ನಷ್ಟು ದೂರ ಹೋಗುತ್ತಾರೇನೋ ಅಂತ ಭಯ, ಸುಮ್ಮನೆ ಬಿಟ್ಟರೆ ಆ ಮಗುವನ್ನು ನಾನೂ ಕೈಬಿಟ್ಟ ಹಾಗೆ. ನೀವೆಲ್ಲ ಏನು ಮಾಡುತ್ತೀರಿ? ನಾನು ಎಲ್ಲಿ ತಪ್ಪಿದೆ ಅನಿಸಿದರೂ ನೇರವಾಗಿ ಹೇಳಿ.


ಹಳೆಕುರ್ಚಿ ಉತ್ತರ:

ತಂಗಿ, ಫೈಲ್ ಮುಚ್ಚಬೇಡಿ. ಇದೇ ಕೆಲಸದಲ್ಲಿ ನನಗೆ ಹದಿನೆಂಟು ವರ್ಷ ಆಗಿದೆ. "ಆಸಕ್ತಿ ಇಲ್ಲ" ಅನ್ನುವ ಮಾತನ್ನು ನಾನು ಫೈಲಿನಲ್ಲಿ ಬರೆಯುವುದು ಬಿಟ್ಟು ಬಹಳ ಕಾಲ ಆಯಿತು. ಆಸಕ್ತಿ ಇಲ್ಲದ ತಾಯಿ ಮೂರು ಸಲ ಬರುತ್ತಿರಲಿಲ್ಲ.

ಒಂದು ವಿಷಯ ಗಮನಿಸಿ. ಆಘಾತದ ನಂತರ ಬರುವ ಕಾಯಿಲೆಯ ಲಕ್ಷಣಗಳಲ್ಲೇ ಒಂದು ಎಂದರೆ ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡುವುದು. ಜಾಗ, ಮಾತು, ವಾಸನೆ, ಯೋಚನೆ, ಎಲ್ಲದರಿಂದ. ಈಗ ಯೋಚಿಸಿ, ಆ ಮಗುವಿಗೂ ಅಮ್ಮನಿಗೂ ಅದನ್ನು ಜಾಸ್ತಿ ನೆನಪಿಸುವ ಜಾಗ ಯಾವುದು? ನಿಮ್ಮ ಕೋಣೆ. ಜ್ವರ ಬಂದ ಮಗುವನ್ನು ಮೈ ಬಿಸಿ ಇದೆ ಅಂತ ಯಾರೂ ಬೈಯುವುದಿಲ್ಲ. ಬರದೇ ಇರುವ ಕುಟುಂಬವನ್ನು ಮಾತ್ರ ಬರುತ್ತಿಲ್ಲ ಅಂತ ನಾವು ಬೈಯುತ್ತೇವೆ. "ಕೆದಕೋದು ಬೇಡ" ಅನ್ನುವುದು ನೀವು ಯಾವುದಕ್ಕೆ ಚಿಕಿತ್ಸೆ ಕೊಡಬೇಕೋ ಅದರದೇ ಭಾಗ.

ಹಾಗಂತ ಅಮ್ಮನಿಗೆ "ಇದು ನಿಮ್ಮ ಲಕ್ಷಣ" ಅಂತ ಹೇಳಲು ಹೋಗಬೇಡಿ! ಅವರ ಮಾತನ್ನು ಮೊದಲು ಪೂರ್ತಿ ಒಪ್ಪಿಕೊಳ್ಳಿ. ಮಗಳು ನಗುತ್ತಿದ್ದಾಳೆ, ಆಡುತ್ತಿದ್ದಾಳೆ, ಅದನ್ನು ಯಾಕೆ ಕೆಡಿಸಬೇಕು ಅಂತ ಯಾವ ತಾಯಿಗೂ ಅನಿಸುತ್ತದೆ. "ನಿಮಗೆ ಹಾಗೆ ಅನಿಸೋದು ಸಹಜ. ಸಾಮಾನ್ಯವಾಗಿ ಇಲ್ಲಿಗೆ ಬರುವ ಎಲ್ಲರಿಗೂ ಈ ಹಂತದಲ್ಲೇ ಹೀಗೆ ಅನಿಸುತ್ತೆ" ಅಂತ ಹೇಳಿ. ಈ ಮಾತನ್ನು ಮೊದಲ ದಿನವೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ನಾನು ಈಗ ಪ್ರತಿ ಕುಟುಂಬಕ್ಕೂ ಮೊದಲ ದಿನವೇ ಹೇಳುತ್ತೇನೆ: "ಮೂರನೇ ನಾಲ್ಕನೇ ಸಲದ ಹೊತ್ತಿಗೆ ನಿಮಗೆ ಬರೋದೇ ಬೇಡ ಅನಿಸಬಹುದು. ಅವತ್ತು ಬರದೇ ಇದ್ದರೂ ಪರವಾಗಿಲ್ಲ, ಆದರೆ ಬೇಡ ಅನಿಸ್ತಿದೆ ಅಂತ ನನಗೊಂದು ಫೋನ್ ಮಾಡಿ ಹೇಳಿ." ಮೊದಲೇ ಹೇಳಿಟ್ಟರೆ ಆ ದಿನ ಬಂದಾಗ ಅವರಿಗೆ ನಾಚಿಕೆ ಆಗುವುದಿಲ್ಲ. ಫೋನ್ ಮಾಡುತ್ತಾರೆ.

ಇನ್ನೊಂದು, ನೀವು ಬರೆದದ್ದರಲ್ಲಿ ಅಮ್ಮ ಎಲ್ಲೂ ಕಾಣಲಿಲ್ಲ. ತಪ್ಪು ತಿಳಿಯಬೇಡಿ, ನೇರವಾಗಿ ಹೇಳಿ ಅಂದಿರಿ ಅಂತ ಹೇಳುತ್ತಿದ್ದೇನೆ. ಮಗು ಒಳಗೆ ಬರೆಯುತ್ತಿದ್ದಾಗ ಅಮ್ಮ ಎಲ್ಲಿದ್ದರು? ಹೊರಗೆ ಕುರ್ಚಿಯಲ್ಲಿ ಕೂತಿದ್ದರು, ಅಲ್ವಾ? ಜುಡಿತ್ ಕೊಹೆನ್, ಆಂಥನಿ ಮನ್ನಾರಿನೊ, ಎಸ್ತರ್ ಡೆಬ್ಲಿಂಜರ್ ಮೂವರೂ ಸೇರಿ ಆಘಾತಕ್ಕೆ ಒಳಗಾದ ಮಕ್ಕಳಿಗಾಗಿ ರೂಪಿಸಿದ ಟಿಎಫ್-ಸಿಬಿಟಿ ಅನ್ನುವ ಥೆರಪಿಯ ಕ್ರಮ ನಿಮಗೆ ಗೊತ್ತೇ ಇರುತ್ತದೆ. ಸಾಮಾನ್ಯವಾಗಿ 12ರಿಂದ 16 ಸೆಶನ್. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಸಮಯವನ್ನು ಮಗುವಿಗೂ ಪಾಲಕರಿಗೂ ಹೆಚ್ಚು ಕಡಿಮೆ ಸಮವಾಗಿ ಹಂಚುವುದು. ಮಗು ಏನು ಕಲಿಯುತ್ತಿದೆಯೋ ಅದನ್ನೇ ಅಮ್ಮನೂ ಪಕ್ಕದಲ್ಲಿ ಕಲಿಯುತ್ತಿರುತ್ತಾರೆ. ಮೊದಲು ಆಘಾತ ಅಂದರೇನು ಅನ್ನುವ ತಿಳಿವಳಿಕೆ, ಉಸಿರಾಟ, ಭಾವನೆಗಳಿಗೆ ಹೆಸರಿಡುವುದು, ಇದೆಲ್ಲ ಆಗಿ ಕೈಯಲ್ಲೊಂದಿಷ್ಟು ಬಲ ಬಂದ ಮೇಲೆ ನಡುವಿನ ಹಂತದಲ್ಲಿ ನಡೆದದ್ದನ್ನು ಹೇಳಿಸುವುದು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು. ಈ ದಾರಿ ಹೀಗಿದೆ, ಇಲ್ಲಿಂದ ಇಲ್ಲಿಗೆ ಹೋಗುತ್ತೇವೆ, ಇಷ್ಟು ದಿನಕ್ಕೆ ಮುಗಿಯುತ್ತದೆ ಅಂತ ಅಮ್ಮನಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಎಷ್ಟು ದಿನ ಅಂತಲೇ ಗೊತ್ತಿಲ್ಲದ ಕಡೆಗೆ ಯಾರು ತಾನೇ ಬರುತ್ತಾರೆ ಹೇಳಿ.

ಮೊದಲ ದಿನ ಬರೀ ಫಾರ್ಮ್ ತುಂಬಿಸಿ ಕಳಿಸಬೇಡಿ ಅಂತಲೂ ಎಲ್ಲರಿಗೂ ಹೇಳುತ್ತಿರುತ್ತೇನೆ. ಮೇರಿ ಮೆಕೇ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಇದರ ಮೇಲೆಯೇ ಕೆಲಸ ಮಾಡಿದರು. ಮೊದಲ ಭೇಟಿಗೆ ಮುಂಚೆಯೇ ಫೋನಿನಲ್ಲಿ ಸುಮಾರು ಅರ್ಧ ಗಂಟೆ ಮಾತಾಡಿದರೆ ಬರುವವರು ಹೆಚ್ಚಾಗುತ್ತಾರೆ ಅಂತ ಅವರು ಕಂಡುಕೊಂಡರು. ಆ ಫೋನಿನಲ್ಲಿ ಕೇಳುವುದು ಸಣ್ಣ ಸಣ್ಣ ವಿಷಯ. ನಿಮಗೆ ಯಾವುದು ಕಷ್ಟ ಆಗ್ತಿದೆ, ಹಿಂದೆ ಇಂಥ ಕಡೆ ಹೋಗಿ ಏನಾದರೂ ಬೇಜಾರಾಗಿದೆಯಾ, ಬರೋದಕ್ಕೆ ಏನು ಅಡ್ಡಿ. ಮೊದಲ ಭೇಟಿಯಲ್ಲೂ ಅಷ್ಟೇ, ಅವತ್ತೇ ಉಪಯೋಗಕ್ಕೆ ಬರುವ ಏನಾದರೊಂದನ್ನು ಕೈಗೆ ಕೊಟ್ಟು ಕಳಿಸುವುದು. ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ ಅವತ್ತು ರಾತ್ರಿ ಏನು ಮಾಡಬೇಕು ಅನ್ನುವುದನ್ನು ಹೇಳಿಕೊಡಿ. ಶಾಲೆಯವರಿಗೆ ಏನು ಹೇಳಬೇಕು ಅಂತ ತಿಳಿಯದೆ ಒದ್ದಾಡುತ್ತಿದ್ದರೆ ಆ ಎರಡು ವಾಕ್ಯ ಬರೆದುಕೊಡಿ.

ಕೊನೆಗೆ ಆ ಹುಡುಗಿ. "ಮುಂದಿನ ಸಲವೂ ಇದೇ ಡಬ್ಬಿ ಕೊಡ್ತೀರಾ" ಅಂದಳಲ್ಲ, ಅವಳು ಬರಬೇಕು ಅಂದುಕೊಂಡೇ ಹೋಗಿದ್ದಾಳೆ. ಇದನ್ನು ಅಮ್ಮನಿಗೆ ಹೇಳಿದ್ದೀರಾ?


ಒಬ್ಬ ಅಮ್ಮ ಉತ್ತರ:

ನಾನು ಥೆರಪಿಸ್ಟ್ ಅಲ್ಲ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಾನು ಮಗನನ್ನು ಕರೆದುಕೊಂಡು ಹೋಗುವುದನ್ನು ಎರಡು ಸಲ ನಿಲ್ಲಿಸಿದವಳು.

ಮೊದಲನೇ ಕಡೆ ನಿಲ್ಲಿಸಿದ್ದಕ್ಕೆ ಕಾರಣ ಒಂದೇ ಒಂದು ಪ್ರಶ್ನೆ. ಫಾರ್ಮ್ ತುಂಬಿಸುತ್ತಾ ಅಲ್ಲಿದ್ದವರು ತಲೆ ಎತ್ತದೆ, "ಒಂದು ವರ್ಷ ನಡೆದಿದೆ ಅಂತೀರಿ, ನಿಮಗೆ ಗೊತ್ತೇ ಆಗಲಿಲ್ವಾ?" ಅಂದರು. ಅವರು ಕೆಟ್ಟ ಉದ್ದೇಶದಿಂದ ಕೇಳಿರಲಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ನಾನು ದಿನಾ ರಾತ್ರಿ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಅದನ್ನು ಹೊರಗಿನವರ ಬಾಯಲ್ಲಿ ಕೇಳಿದ ಮೇಲೆ ಆ ಕಟ್ಟಡದೊಳಗೆ ಮತ್ತೆ ಕಾಲಿಡಲು ನನ್ನಿಂದ ಆಗಲಿಲ್ಲ. ಮನೆಯಲ್ಲಿ "ಅಲ್ಲಿ ಪ್ರಯೋಜನ ಇಲ್ಲ" ಅಂತ ಹೇಳಿದೆ. ಸುಳ್ಳು ಹೇಳಿದೆ.

ಎರಡನೇ ಕಡೆ ಒಳ್ಳೆಯವರಿದ್ದರು. ಮಗನಿಗೂ ಅವರು ಇಷ್ಟ ಆಗಿದ್ದರು. ಆದರೆ ಅಲ್ಲಿಗೆ ಹೋಗಿ ಬಂದ ದಿನ ರಾತ್ರಿ ಅವನು ಕಿರುಚಿ ಏಳುತ್ತಿದ್ದ, ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು, ತಮ್ಮನಿಗೆ ಹೊಡೆಯಲು ಶುರು ಮಾಡಿದ. ಹೀಗಾಗಬಹುದು, ಸ್ವಲ್ಪ ದಿನ ಜಾಸ್ತಿ ಆಗಿ ಆಮೇಲೆ ಇಳಿಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬಾಗಿಲು ಮುಚ್ಚಿರುತ್ತಿತ್ತು, ನಾನು ಹೊರಗೆ. ಒಳಗಿಂದ ಬಂದ ಮಗನ ಮುಖ ನೋಡುವುದು, ಮನೆಗೆ ಹೋಗುವುದು. ಒಳಗೆ ಏನು ನಡೆಯಿತು ಅಂತ ಕೇಳಬಹುದಾ, ಕೇಳಬಾರದಾ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಅವರಪ್ಪ "ನೋಡು, ನೀನು ಕರ್ಕೊಂಡು ಹೋದಾಗಲೆಲ್ಲ ಇವನಿಗೆ ಜಾಸ್ತಿ ಆಗ್ತಿದೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ವಾರ ಕೆಲಸಕ್ಕೆ ಅರ್ಧ ದಿನ ರಜಾ ಹಾಕಬೇಕಿತ್ತು, ಯಾಕೆ ಅಂತ ಹೇಳುವ ಹಾಗಿರಲಿಲ್ಲ. ನಿಲ್ಲಿಸಿದೆ.

ಮೂರನೇ ಸಲ ಹೋಗಿದ್ದು ಎಂಟು ತಿಂಗಳು ಬಿಟ್ಟು. ಅಪಾಯಿಂಟ್‌ಮೆಂಟ್ ತೆಗೆದುಕೊಂಡ ಮೇಲೆ ಥೆರಪಿಸ್ಟ್ ಅವರೇ ಫೋನ್ ಮಾಡಿದರು. ಮೊದಲು ಕೇಳಿದ್ದು, "ಹಿಂದೆ ಹೋದ ಕಡೆ ಯಾವುದು ಸರಿ ಹೋಗಲಿಲ್ಲ? ಹೇಳಿದರೆ ನಾನು ಅದೇ ತಪ್ಪು ಮಾಡದ ಹಾಗೆ ನೋಡ್ಕೋತೀನಿ." ಫೋನ್ ಹಿಡಿದುಕೊಂಡು ಅಳುತ್ತಾ ಇಪ್ಪತ್ತು ನಿಮಿಷ ಮಾತಾಡಿದೆ. ನನ್ನ ಮಗನ ಬಗ್ಗೆ ಅಲ್ಲ, ನನ್ನ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಹಾಗಾಗಿ ಮೇಲೆ ಹಳೆಕುರ್ಚಿ ಅವರು ಬರೆದ ಅರ್ಧ ಗಂಟೆಯ ಫೋನ್ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಅವರು ಪ್ರತಿ ಸಲ ಕೊನೆಯ ಹತ್ತು ಹದಿನೈದು ನಿಮಿಷ ನನ್ನನ್ನು ಒಳಗೆ ಕರೆಯುತ್ತಿದ್ದರು. ಮಗ ಹೇಳಿದ್ದನ್ನೆಲ್ಲ ನನಗೆ ಒಪ್ಪಿಸುತ್ತಿರಲಿಲ್ಲ. ಯಾವುದನ್ನು ಅಮ್ಮನಿಗೆ ಹೇಳಬಹುದು ಅಂತ ಅವನನ್ನೇ ಕೇಳಿ, ಅವನು ಸರಿ ಅಂದದ್ದನ್ನು ಮಾತ್ರ ಹೇಳುತ್ತಿದ್ದರು. ಅವನ ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಹೇಳಲೇಬೇಕಾಗುತ್ತದೆ ಅಂತ ಮೊದಲ ದಿನವೇ ಇಬ್ಬರಿಗೂ ಹೇಳಿದ್ದರು. "ಈ ವಾರ ರಾತ್ರಿ ಹೆದರಬಹುದು, ಹೆದರಿದರೆ ಹೀಗೆ ಮಾಡಿ" ಅನ್ನುತ್ತಿದ್ದರು. ಹೆದರಿದ. ಆದರೆ ಈ ಸಲ ನನಗೆ ಗೊತ್ತಿತ್ತು. ದೀಪ ಹಾಕಿ, ಅವನ ಕಾಲಿನ ಕೆಳಗೆ ನೆಲ ಇದೆಯಾ ಅಂತ ಕೇಳಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿಸುತ್ತಿದ್ದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಉಸಿರು ಸಮ ಆಗುತ್ತಿತ್ತು. ಅವರಪ್ಪ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಅದಾದ ಮುಂದಿನ ವಾರ ಅವರೇ ಗಾಡಿ ತೆಗೆದರು.

ಹಸಿರುಬಾಗಿಲು ಮೇಡಂ, ಆ ತಾಯಿಗೆ ಇನ್ನೊಂದು ಸಲ ಫೋನ್ ಮಾಡಿ. ಮಗಳ ಬಗ್ಗೆ ಕೇಳುವ ಮುಂಚೆ ಅವರು ಹೇಗಿದ್ದಾರೆ ಅಂತ ಕೇಳಿ.


ನೀಲಿಕೊಡೆ ಉತ್ತರ:

ಮೇಲಿನ ಇಬ್ಬರೂ ಬರೆದದ್ದು ಚೆನ್ನಾಗಿದೆ. ಆದರೂ ಹಳೆಕುರ್ಚಿ ಸರ್ ಅವರ ಒಂದು ಮಾತಿಗೆ ಸ್ವಲ್ಪ ತಕರಾರಿದೆ. ಬರದೇ ಇರುವುದೆಲ್ಲ ಆಘಾತದ ಲಕ್ಷಣ ಅಂದುಬಿಟ್ಟರೆ ನಾವು ತುಂಬಾ ಸುಲಭವಾಗಿ ಪಾರಾಗಿಬಿಡುತ್ತೇವೆ. ಬಸ್ಸಿಗೆ ದುಡ್ಡಿಲ್ಲದೆ ನಿಲ್ಲಿಸಿದವರನ್ನು ನೋಡಿದ್ದೇನೆ. ಚಿಕ್ಕ ಮಗುವನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇಲ್ಲದೆ ನಿಲ್ಲಿಸಿದವರನ್ನು ನೋಡಿದ್ದೇನೆ. ನಾವು ಕೊಡುವ ಸಮಯ ಯಾವಾಗಲೂ ಶಾಲೆಯ ಹೊತ್ತಿನಲ್ಲೇ ಇರುತ್ತದೆ, ಪ್ರತಿ ವಾರ ಅದೇ ಪಾಠ ತಪ್ಪಿದರೆ ಮಗು ಎಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ. ಇದಕ್ಕೆಲ್ಲ ಮನಶ್ಶಾಸ್ತ್ರ ಬೇಕಿಲ್ಲ, ಸಮಯ ಬದಲಾಯಿಸಿದರೆ ಸಾಕು. ಇನ್ನು ಕೆಲವರು ಬೇಕಾದಷ್ಟು ಸಿಕ್ಕಿದೆ ಅಂತ ಹೋಗುತ್ತಾರೆ, ಅದೂ ನಿಜ ಇರಬಹುದು. ಕೇಳದೆ ಊಹೆ ಮಾಡಬಾರದು ಅಷ್ಟೇ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕುಟುಂಬ ಇದ್ದಕ್ಕಿದ್ದ ಹಾಗೆ ಬರುವುದು ನಿಲ್ಲಿಸಿದರೆ ನನ್ನ ಮೊದಲ ಪ್ರಶ್ನೆ, ಮಗು ಈಗ ಸುರಕ್ಷಿತವಾಗಿದೆಯಾ? ತೊಂದರೆ ಕೊಟ್ಟವನು ಮತ್ತೆ ಮನೆಗೆ ಬಂದಿರಬಹುದು. ಹೇಳಿದ್ದನ್ನು ವಾಪಸ್ ತೆಗೆದುಕೋ ಅಂತ ಮಗುವಿನ ಮೇಲೆ ಸುತ್ತಲಿನವರು ಒತ್ತಡ ಹಾಕುತ್ತಿರಬಹುದು. ರೋಲೆಂಡ್ ಸಮ್ಮಿಟ್ ಅನ್ನುವ ಮನೋವೈದ್ಯರು 1983ರಲ್ಲೇ ಬರೆದರು, ಮಗು ತಡವಾಗಿ ಹೇಳುವುದು, ಅರೆಬರೆ ಹೇಳುವುದು, ಹೇಳಿದ ಮೇಲೆ ಮನೆಯೇ ಒಡೆಯುವುದನ್ನು ನೋಡಿ "ನಾನು ಸುಳ್ಳು ಹೇಳಿದೆ" ಅನ್ನುವುದು, ಇವೆಲ್ಲ ಇಂಥ ಮಕ್ಕಳಲ್ಲಿ ಕಾಣುವಂಥವೇ ಅಂತ. ಆದ್ದರಿಂದ ಫೋನ್ ಮಾಡುವಾಗ ಎಚ್ಚರ ಇರಲಿ. ಫೋನ್ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಥೆರಪಿ, ಕೇಸ್ ಅನ್ನುವ ಮಾತುಗಳನ್ನು ಮೆಸೇಜಿನಲ್ಲಿ ಹಾಕಬೇಡಿ. ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ, ಏನಂತ ಹೇಳಿ ಮಾಡಬಹುದು ಅನ್ನುವುದನ್ನು ಮೊದಲ ದಿನವೇ ಅಮ್ಮನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮಗು ಅಪಾಯದಲ್ಲಿದೆ ಅಂತ ಅನುಮಾನ ಬಂದರೆ ಆಮೇಲೆ ಇದು ಉಳಿಸಿಕೊಳ್ಳುವ ಪ್ರಶ್ನೆ ಅಲ್ಲ, ಮಕ್ಕಳ ರಕ್ಷಣೆಯವರಿಗೆ ತಿಳಿಸುವ ಪ್ರಶ್ನೆ. ಅದರಿಂದ ಆ ಕುಟುಂಬ ನಮ್ಮನ್ನು ದ್ವೇಷಿಸಿದರೂ ಸರಿ.

ನಾನು ಜಾಸ್ತಿ ಕೆಲಸ ಮಾಡುವುದು ಹೊಡೆದ ಅಪ್ಪ ಅಮ್ಮಂದಿರ ಜೊತೆ. ಅವರನ್ನು ಉಳಿಸಿಕೊಳ್ಳುವ ಕಥೆಯೇ ಬೇರೆ. ಕೋರ್ಟು ಕಳಿಸಿರುತ್ತದೆ ಅಥವಾ ಇಲಾಖೆಯವರು ಕಳಿಸಿರುತ್ತಾರೆ. ಕೈಕಟ್ಟಿ ಕೂತಿರುತ್ತಾರೆ. ಅಂಥವರಿಗೆ ಮಗು ಸಾಕುವ ಪಾಠ ಶುರು ಮಾಡಿದರೆ ಅವರ ಕಿವಿಗೆ ಹೋಗುವುದಿಲ್ಲ. ನಾನು ಮೊದಲ ದಿನ "ನಿಮಗೆ ಇಲ್ಲಿ ಬರೋದು ಇಷ್ಟ ಇಲ್ಲ ಅಂತ ಗೊತ್ತು, ಬಂದಿದ್ದೀರಲ್ಲ ಅದಕ್ಕೆ ಥ್ಯಾಂಕ್ಸ್" ಅನ್ನುತ್ತೇನೆ. ಬೈಯುವುದಿದ್ದರೆ ಬೈಯಲಿ ಅಂತ ಬಿಡುತ್ತೇನೆ. ಸಿಟ್ಟೆಲ್ಲ ಇಳಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: "ನಿಮ್ಮ ಮಗ ದೊಡ್ಡವನಾದ ಮೇಲೆ ನಿಮ್ಮ ಬಗ್ಗೆ ಏನು ಹೇಳಬೇಕು ಅಂತ ನಿಮಗೆ ಆಸೆ?" ಒಬ್ಬರು ಹತ್ತು ನಿಮಿಷ ಸುಮ್ಮನಿದ್ದು, "ನಮ್ಮಪ್ಪನ ಬಗ್ಗೆ ನಾನು ಹೇಳೋ ಹಾಗೆ ಅವನು ಹೇಳಬಾರದು" ಅಂದರು. ಅಲ್ಲಿಂದ ಕೆಲಸ ಶುರುವಾಯಿತು. ಬದಲಾಗಬೇಕು ಅನ್ನುವ ಮಾತು ನಮ್ಮ ಬಾಯಿಂದಲ್ಲ, ಅವರ ಬಾಯಿಂದ ಬರಬೇಕು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಕುಡಿತದ ಚಿಕಿತ್ಸೆಯಿಂದ ಬೆಳೆಸಿದ ಮಾತುಕತೆಯ ಕ್ರಮ ಇದೇ.

ಇದು ಬರೀ ಒಳ್ಳೆಯ ಮಾತಲ್ಲ, ಕೆಲಸ ಮಾಡುತ್ತದೆ. ಮಾರ್ಕ್ ಚಾಫಿನ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಹೊಡೆದ 110 ಪಾಲಕರಿದ್ದರು. ಒಂದು ಗುಂಪಿಗೆ ಮೊದಲು ಮನಸ್ಸು ಸಿದ್ಧ ಮಾಡುವ ಕೆಲವು ಸೆಶನ್, ಆಮೇಲೆ ಶೀಲಾ ಐಬರ್ಗ್ ರೂಪಿಸಿದ ಪಿಸಿಐಟಿ, ಅಂದರೆ ಪಾಲಕರನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ಮಾಡುವ ಥೆರಪಿ. ಅದರಲ್ಲಿ ಪಾಲಕರು ಮಗುವಿನ ಜೊತೆ ಆಡುತ್ತಿರುತ್ತಾರೆ, ಥೆರಪಿಸ್ಟ್ ಕನ್ನಡಿಯ ಆಚೆಯಿಂದ ನೋಡುತ್ತಾ ಕಿವಿಯಲ್ಲಿರುವ ಯಂತ್ರದ ಮೂಲಕ ಆಗಿಂದಾಗಲೇ ಹೇಳಿಕೊಡುತ್ತಿರುತ್ತಾರೆ. ಇನ್ನೊಂದು ಗುಂಪಿಗೆ ಮಾಮೂಲಿ ಪಾಲಕರ ತರಗತಿ. ಸುಮಾರು ಎರಡೂಕಾಲು ವರ್ಷ ಆದ ಮೇಲೆ ನೋಡಿದರೆ, ಮತ್ತೆ ಹೊಡೆದ ವರದಿ ಪಿಸಿಐಟಿ ಗುಂಪಿನಲ್ಲಿ ಶೇ. 19, ತರಗತಿಯ ಗುಂಪಿನಲ್ಲಿ ಶೇ. 49. ಮೂರನೇ ಗುಂಪಿಗೆ ಪಿಸಿಐಟಿ ಜೊತೆಗೆ ಬೇರೆ ಸೇವೆಗಳನ್ನೂ ಸೇರಿಸಿ ಕೊಟ್ಟಿದ್ದರು, ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ನಾನು ಅದನ್ನು ಓದಿದ ಮೇಲೆ ಕುಟುಂಬಗಳನ್ನು ಹತ್ತು ಕಡೆ ಓಡಿಸುವುದನ್ನು ನಿಲ್ಲಿಸಿದೆ. ಸೋತು ಸುಣ್ಣವಾದವರಿಗೆ ಇನ್ನೊಂದು ಅಪಾಯಿಂಟ್‌ಮೆಂಟ್ ಇನ್ನೊಂದು ಹೊರೆ.


ಆಗಿನ ಹುಡುಗ ಉತ್ತರ:

ಮಗುವಿನ ಕಡೆಯಿಂದ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈಗ ನನಗೆ ಮೂವತ್ತೊಂದು. ಹನ್ನೊಂದು ವರ್ಷದವನಿದ್ದಾಗ ನನ್ನನ್ನು ಮನೆಯಿಂದ ಬೇರೆ ಕಡೆ ಇರಿಸಿ ಥೆರಪಿಗೆ ಕಳಿಸುತ್ತಿದ್ದರು.

ಎರಡು ವರ್ಷದಲ್ಲಿ ಮೂರು ಜನ ಥೆರಪಿಸ್ಟ್ ಬದಲಾದರು. ಯಾರೂ ಹೋಗುತ್ತೇನೆ ಅಂತ ಹೇಳಿ ಹೋಗಲಿಲ್ಲ. ಒಂದು ದಿನ ಹೋದರೆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಿದ್ದರು, ಫೈಲ್ ತೆರೆದು "ಏನಾಯ್ತು ಹೇಳಪ್ಪ" ಅನ್ನುತ್ತಿದ್ದರು. ಮೊದಲನೆಯವರಿಗೆ ಹೇಳಿದೆ. ಎರಡನೆಯವರಿಗೆ ಅರ್ಧ ಹೇಳಿದೆ. ಮೂರನೆಯವರಿಗೆ ಏನೂ ಹೇಳಲಿಲ್ಲ, ನೆಲದ ಟೈಲ್ಸ್ ಎಣಿಸುತ್ತಿದ್ದೆ. ಇತ್ತ ಗೋಡೆಯಿಂದ ಅತ್ತ ಗೋಡೆಗೆ ಹದಿನಾಲ್ಕು. ಆ ವರದಿಯಲ್ಲಿ "ಹುಡುಗ ಸಹಕರಿಸುತ್ತಿಲ್ಲ" ಅಂತ ಬರೆದಿದ್ದರು. ದೊಡ್ಡವನಾದ ಮೇಲೆ ಕೇಳಿ ತೆಗೆಸಿಕೊಂಡು ಓದಿದೆ. ಆ ಎರಡು ಪದ ಓದಿ ಒಂದು ವಾರ ನಿದ್ದೆ ಬರಲಿಲ್ಲ.

ನಾಲ್ಕನೆಯವರು ಬಂದಾಗ ನಾನು ಮಾತಾಡಬಾರದು ಅಂತಲೇ ಹೋಗಿದ್ದೆ. ಅವರು ಫೈಲ್ ತೆರೆಯಲಿಲ್ಲ. "ಇದನ್ನು ನಾನು ಓದಿದ್ದೀನಿ, ನೀನು ಮತ್ತೆ ಹೇಳಬೇಕಾಗಿಲ್ಲ" ಅಂದರು. ಆ ಒಂದು ವಾಕ್ಯ ಕೇಳಿ ಹೆಗಲ ಮೇಲಿನ ಚೀಲ ಇಳಿಸಿದ ಹಾಗಾಯಿತು. ಆಮೇಲೆ ಒಂದು ಕಾಗದ ಕೊಟ್ಟು, "ಇವತ್ತು ಯಾವುದರ ಬಗ್ಗೆ ಮಾತಾಡೋದು ಬೇಡ ಅನ್ನೋದನ್ನ ಬರಿ" ಅಂದರು. ಆರು ವಿಷಯ ಬರೆದೆ. ಅದನ್ನು ಮಡಚಿ ಮೇಜಿನ ಡ್ರಾಯರಿನಲ್ಲಿಟ್ಟು ಕೀ ನನ್ನ ಕೈಗೆ ಕೊಟ್ಟರು. ಪ್ರತಿ ವಾರ ಹೋದಾಗ ತೆಗೆದು ನೋಡುತ್ತಿದ್ದೆವು, ಯಾವುದನ್ನಾದರೂ ಹೊಡೆದು ಹಾಕೋಣವಾ ಅಂತ ಕೇಳುತ್ತಿದ್ದರು. ಮೊದಲನೆಯದನ್ನು ಹೊಡೆದು ಹಾಕಲು ಏಳು ವಾರ ಬೇಕಾಯಿತು. ಆ ಏಳು ವಾರದಲ್ಲಿ ಒಂದು ಸಲವೂ ಅವಸರ ಮಾಡಲಿಲ್ಲ.

ನಮ್ಮಂಥವರ ವಿಷಯದಲ್ಲಿ ಎಲ್ಲವನ್ನೂ ಬೇರೆಯವರೇ ಮಾಡಿರುತ್ತಾರೆ. ಏನು ಮಾಡಬೇಕು, ಎಲ್ಲಿ ಇರಬೇಕು, ಯಾರ ಹತ್ತಿರ ಹೇಳಬೇಕು ಎಲ್ಲ. ಹಾಗಾಗಿ ಎಲ್ಲಿ ಕೂರಬೇಕು, ಬಾಗಿಲು ತೆರೆದಿರಬೇಕಾ ಮುಚ್ಚಿರಬೇಕಾ, ಯಾವಾಗ ಸಾಕು ಅನ್ನಬೇಕು, ಇಷ್ಟನ್ನಾದರೂ ಮಗುವಿಗೆ ಬಿಡಿ. ನೀವು ಕೆಲಸ ಬಿಡುವುದಿದ್ದರೆ, ಊರು ಬಿಡುವುದಿದ್ದರೆ, ಒಂದು ತಿಂಗಳು ಮುಂಚೆ ಹೇಳಿ. ಹೊಸಬರನ್ನು ಜೊತೆಯಲ್ಲಿ ಕೂರಿಸಿಕೊಂಡು ಪರಿಚಯ ಮಾಡಿಸಿ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯ 39ನೇ ವಿಧಿ ಓದಿದ್ದೇನೆ. ಮಗು ಚೇತರಿಸಿಕೊಳ್ಳಬೇಕಾದದ್ದು ಅದರ ಆರೋಗ್ಯ, ಆತ್ಮಗೌರವ, ಘನತೆ ಬೆಳೆಯುವಂಥ ವಾತಾವರಣದಲ್ಲಿ ಅಂತ ಅದರಲ್ಲಿದೆ. ನನಗೆ ಅದನ್ನು ಓದಿದಾಗ ನೆನಪಾದದ್ದು ಆ ಡ್ರಾಯರಿನ ಕೀ.

ಹಸಿರುಬಾಗಿಲು ಅಕ್ಕ, ಆ ಡಬ್ಬಿಯನ್ನು ಬೇರೆ ಮಕ್ಕಳಿಗೆ ಕೊಡಬೇಡಿ.


ಹಸಿರುಬಾಗಿಲು ಮತ್ತೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಹೇಳುವುದಕ್ಕೆ ಏನಾದರೂ ಇರಲಿ ಅಂತ ಕಾದೆ.

ನೀಲಿಕೊಡೆ ಅವರು ಹೇಳಿದ್ದು ಓದಿ ಮೊದಲು ಸುರಕ್ಷತೆಯ ವಿಷಯ ವಿಚಾರಿಸಿದೆ. ಕೇಸ್ ನೋಡುತ್ತಿರುವವರ ಹತ್ತಿರ ಕೇಳಿದೆ, ಅವನು ಬಂದಿಲ್ಲ, ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಆಮೇಲೆ ಅಮ್ಮ ಒಬ್ಬರೇ ಇರುವ ಹೊತ್ತು ನೋಡಿ ಫೋನ್ ಮಾಡಿದೆ. "ನೀವು ಹೇಗಿದ್ದೀರಿ?" ಅಂತ ಮಾತ್ರ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, ತೊಂದರೆ ಕೊಟ್ಟವನು ಅವರ ಸ್ವಂತ ತಮ್ಮ. ದೂರು ಕೊಟ್ಟ ದಿನದಿಂದ ಅವರ ತಾಯಿ ಇವರ ಜೊತೆ ಮಾತು ಬಿಟ್ಟಿದ್ದಾರೆ. ಮಗಳನ್ನು ಥೆರಪಿಗೆ ಕರೆತಂದಾಗಲೆಲ್ಲ ಹೊರಗೆ ಕೂತು, ಚಿಕ್ಕಂದಿನಲ್ಲಿ ತಮ್ಮನನ್ನು ಎತ್ತಿ ಆಡಿಸಿದ್ದು ನೆನಪಾಗಿ, ಅದು ನೆನಪಾಯಿತಲ್ಲ ಅಂತ ತನ್ನ ಮೇಲೆ ತನಗೇ ಹೇಸಿಗೆ ಆಗುತ್ತಿತ್ತಂತೆ. ಮೂರು ಸಲ ಬಂದರೂ ನಾನು ಇದನ್ನು ಕೇಳಿರಲೇ ಇಲ್ಲ. "ಅವನು ನಿಮಗೇನಾಗಬೇಕು" ಅಂತ ಫಾರ್ಮಿನಲ್ಲಿ ಕೇಳಿದ್ದೆ ಅಷ್ಟೇ. "ಸಂಬಂಧಿ" ಅಂತ ಬರೆದಿದ್ದರು.

ನಾನು ಏನೂ ಒತ್ತಾಯ ಮಾಡಲಿಲ್ಲ. ಮಗಳು ಡಬ್ಬಿ ಕೇಳಿದ್ದನ್ನು ಹೇಳಿದೆ. ಮನೆಯಲ್ಲೂ ಎರಡು ಸಲ ಕೇಳಿದ್ದಾಳಂತೆ, "ಆ ಆಂಟಿ ನನ್ನ ಡಬ್ಬಿ ಇಟ್ಟಿರ್ತಾರಾ" ಅಂತ. ಇಟ್ಟಿದ್ದೇನೆ ಅಂದೆ. ಹೆಸರು ಬರೆದು ಬೇರೆ ಕಡೆ ಎತ್ತಿಟ್ಟಿದ್ದೇನೆ.

ಮೊದಲು ಒಬ್ಬರೇ ಬರುತ್ತಾರಂತೆ, ಸೋಮವಾರ ಸಂಜೆ, ಅವರ ಕೆಲಸ ಮುಗಿದ ಮೇಲೆ. ನಾನು ಸಾಮಾನ್ಯವಾಗಿ ಆ ಹೊತ್ತಿಗೆ ಹೊರಟುಬಿಟ್ಟಿರುತ್ತೇನೆ, ಅವತ್ತು ಇರುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಅಮ್ಮ ಒಬ್ಬರೇ ಬರುತ್ತಿದ್ದಾರೆ ಅಂತ ಮಗಳಿಗೆ ಗೊತ್ತಾಗಬೇಕಾ? ಗೊತ್ತಾದರೆ ತನ್ನ ಬಗ್ಗೆ ಏನೋ ಗುಟ್ಟಾಗಿ ಮಾತಾಡುತ್ತಿದ್ದಾರೆ ಅಂದುಕೊಳ್ಳುವುದಿಲ್ವಾ?


ಹಳೆಕುರ್ಚಿ ಉತ್ತರ:

ಖಂಡಿತ ಗೊತ್ತಾಗಬೇಕು. ಆ ಮನೆಯಲ್ಲಿ ಗುಟ್ಟಿನಿಂದ ಆಗಿರುವುದೇ ಸಾಕು. ಅಮ್ಮನೇ ಹೇಳಲಿ: "ನನಗೂ ಬೇಜಾರಾಗಿದೆ, ನಾನೂ ಮಾತಾಡೋಕೆ ಹೋಗ್ತಿದ್ದೀನಿ. ನೀನು ಹೇಳಿದ್ದನ್ನ ಅಲ್ಲ, ನನ್ನ ವಿಷಯ." ಮಗಳಿಗೆ ಏನಾದರೂ ಹೇಳಿ ಕಳಿಸುವುದಿದೆಯಾ ಅಂತಲೂ ಕೇಳಲಿ.

ಸೋಮವಾರ ಅವರು ಬಂದಾಗ ತಪ್ಪಿಹೋದ ವಾರಗಳ ಮಾತೆತ್ತಬೇಡಿ. ಅವರನ್ನು ಹೊರಗಿನ ಕುರ್ಚಿಯಲ್ಲಿ ಕಾಯಿಸಲೂ ಬೇಡಿ, ನೀವೇ ಬಾಗಿಲಿಗೆ ಹೋಗಿ ಕರೆದುಕೊಂಡು ಬನ್ನಿ. ನೀಲಿಕೊಡೆ ಅವರ ತಕರಾರು ಒಪ್ಪಿದೆ. ಈ ತಾಯಿ ಬರದೇ ಇದ್ದದ್ದು ಇಂಥ ಕಾರಣಕ್ಕೆ ಅಂತ ನಾನೂ ಊಹಿಸಿರಲಿಲ್ಲ.